ಆಗಿಬರದ ಕಲ್ಲು

ಟಾರ್ನ್‌ವಿಕ್ ಗುಂಡಿಯೊಳಗೆ ಇಡೀ ಹುಬ್ಬಳ್ಳಿಯನ್ನು ರೈಲ್ವೆ ಸ್ಟೇಷನ್ ಸಮೇತ ಎತ್ತಿ ಇಳಿಸಿದರೆ, ಅಂಚಿನಲ್ಲಿ ನಿಂತವನ ಕಣ್ಣಿಗೆ ಅದು ಯಾರೋ ಕೈತಪ್ಪಿ ಬೀಳಿಸಿದ ಚುರುಮುರಿ ಪೊಟ್ಟಣದ ಹಾಗೆ ಕಾಣುತ್ತದೆ. ಕೆನಡಾದ ಉತ್ತರದ ತುದಿಯಲ್ಲಿ, ಮರಗಳು ಕೂಡ ಬೆಳೆಯಲು ಒಪ್ಪದೆ ವಾಪಸು ಹೋದ ಜಾಗದಲ್ಲಿ, ವಜ್ರಕ್ಕಾಗಿ ತೋಡಿದ ಗುಂಡಿ ಅದು. ಒಳಗೋಡೆಗೆ ಸುತ್ತುಸುತ್ತಾಗಿ ಕೊರೆದ ದಾರಿಯಲ್ಲಿ ಮೂರಂತಸ್ತಿನ ಮನೆಯಂಥ ಲಾರಿಗಳು ಇಳಿಯುತ್ತವೆ. ತಳ ಮುಟ್ಟುವಷ್ಟರಲ್ಲಿ ಡ್ರೈವರನಿಗೆ ಗಡ್ಡ ಬಂದಿರುತ್ತದೆ. ನಾನು ಒಂದು ಸಲ ಹೋಗಿ ಬಂದಿದ್ದೇನೆ. ಅಲ್ಲಿನ ಚಳಿಗೆ ನನ್ನ ಮೀಸೆಯ ಎಡಭಾಗ ಚಟ್ಟೆಂದು ಮುರಿದು ಕೈಗೆ ಬಂತು. ನಂಬದವರು ನನ್ನ ಹೆಂಡತಿ ಶೀತಲಳನ್ನು ಕೇಳಬಹುದು, ಅವಳೂ ನಂಬುವುದಿಲ್ಲ.

ಆ ಗುಂಡಿ ಇಷ್ಟು ವರ್ಷ ಕುಸಿಯದೆ ನಿಂತಿದ್ದರೆ ಅದಕ್ಕೆ ಕಾರಣ ಈ ಶಿವಬಸಪ್ಪ. ಮೆಲ್ಬರ್ನ್‌ನ ಡಾಕ್‌ಲ್ಯಾಂಡ್ಸ್‌ನಲ್ಲಿ ಟ್ರಾಮ್ ಇಳಿದರೆ ಎದುರಿಗೇ ಕಾಣುವ ಗಾಜಿನ ಕಟ್ಟಡದಲ್ಲಿ ಕೂತು, ಭೂಮಿಯ ಇನ್ನೊಂದು ಬದಿಯ ಗೋಡೆಯನ್ನು ಬರೀ ಕಣ್ಣಿನಿಂದ ಹಿಡಿದು ನಿಲ್ಲಿಸಿದವನು ನಾನು. ಅಲ್ಲಿ ರಾತ್ರಿಯಾದಾಗ ಇಲ್ಲಿ ಹಗಲು. ತೂಕಡಿಸುವ ಕಣ್ಣಿಗಿಂತ ಎಚ್ಚರದ ಕಣ್ಣು ವಾಸಿ ಎಂದು ಕಂಪನಿಯವರು ರಾತ್ರಿ ಪಾಳಿಯ ಕಾವಲನ್ನು ನಮಗೆ ಒಪ್ಪಿಸಿದ್ದರು. ಗುಂಡಿಯ ಅಂಚಿನಲ್ಲಿ ನೆಟ್ಟ ರಾಡಾರ್ ಎದುರಿನ ಗೋಡೆಯನ್ನು ನೋಡುತ್ತಿರುತ್ತದೆ. ಗೋಡೆ ಕೂದಲೆಳೆಯಷ್ಟು ಸರಿದರೆ ನಮ್ಮ ಪರದೆಯಲ್ಲಿ ಹಳದಿ, ಇನ್ನೂ ಸರಿದರೆ ಕೆಂಪು. ಕೆಂಪಾದರೆ ಕೆಳಗಿದ್ದವರೆಲ್ಲ ಮೇಲೆ ಬರಬೇಕು.

ಆದರೆ ಕರೆಸುವ ಅಧಿಕಾರ ನಮಗಿರಲಿಲ್ಲ. ಇಷ್ಟು ಬರೆಯುವಾಗಲೇ ನನ್ನ ಮೈ ಉರಿಯುತ್ತದೆ. ನಾವು ಸಿಡ್ನಿಯ ಹೆಡ್ ಆಫೀಸಿಗೆ ಫೋನ್ ಮಾಡಬೇಕು. ಅಲ್ಲಿ ಬಂದರಿನ ಕಡೆ ಮುಖ ಮಾಡಿ ಕೂತ ಗ್ರೆಗ್ ಹಾಲ್‌ಸ್ಟನ್ ಎಂಬ ಮಹಾಶಯ ‘ಹೂಂ’ ಅನ್ನಬೇಕು. ಅಂದ ಮೇಲೆ ಗಣಿಗೆ ಹೇಳಬೇಕು. ಮನೆಗೆ ಬೆಂಕಿ ಬಿದ್ದವನು ಹೊರಗೆ ಓಡಲು ಪಕ್ಕದ ತಾಲ್ಲೂಕಿನ ತಹಸೀಲ್ದಾರನ ಅಪ್ಪಣೆಗೆ ಅರ್ಜಿ ಹಾಕಿದ ಹಾಗೆ. ಅಗೆಯುವ ಯಂತ್ರ ಒಂದು ತಾಸು ನಿಂತರೆ ಕಂಪನಿಗೆ ಅಷ್ಟು ನಷ್ಟವಂತೆ. ಆ ನಷ್ಟವನ್ನು ತಾಳಿಕೊಳ್ಳುವಷ್ಟು ಗಟ್ಟಿ ಎದೆ ಗ್ರೆಗ್‌ಗೆ ಇರಲಿಲ್ಲ. ಬೇರೆಯವರ ಸಾವನ್ನು ತಾಳಿಕೊಳ್ಳುವ ಎದೆ ಮಾತ್ರ ಬೇಕಾದಷ್ಟಿತ್ತು.

ನಾನು ಹೇಳಲು ಹೊರಟ ಆ ದಿನ ಕಾವಲಿನ ಕುರ್ಚಿಯಲ್ಲಿದ್ದವಳು ಶೈಲಶ್ರೀ. ಮೈಸೂರಿನ ಹುಡುಗಿ, ಕಂಪನಿಯ ಸ್ಪಾನ್ಸರ್ ವೀಸಾದ ಮೇಲೆ ಬಂದವಳು, ಪಿಆರ್‌ಗೆ, ಅಂದರೆ ಕಾಯಂ ವಾಸದ ಪರವಾನಗಿಗೆ, ಅರ್ಜಿ ಹಾಕಿ ಕಾಯುತ್ತಿದ್ದಳು. ನಾನು ಪಕ್ಕದ ಕುರ್ಚಿಯಲ್ಲಿ ಡಬ್ಬಿ ಬಿಚ್ಚಿಕೊಂಡಿದ್ದೆ. ಕಂಟ್ರೋಲ್ ರೂಮಿನಲ್ಲಿ ಉಣ್ಣಬಾರದು ಎಂಬ ನಿಯಮ ನನಗೂ ಗೊತ್ತು. ಆದರೆ ಪ್ಯಾಂಟ್ರಿಯಲ್ಲಿ ನಾನು ಬದನೆಕಾಯಿ ಎಣ್ಣೆಗಾಯಿ ಬಿಸಿ ಮಾಡಿದ ದಿನ ಯಾರೋ ವಾಸನೆಯ ಬಗ್ಗೆ ಎಚ್‌ಆರ್‌ಗೆ ದೂರು ಕೊಟ್ಟಿದ್ದರು. ಅಂದಿನಿಂದ ನಾನು ನನ್ನ ರೊಟ್ಟಿ ಎಣ್ಣೆಗಾಯಿಯನ್ನು ತಣ್ಣಗೆ, ಸಿಟ್ಟಿನಿಂದ, ಪರದೆಯ ಮುಂದೆಯೇ ತಿನ್ನುತ್ತಿದ್ದೆ.

“ಅಂಕಲ್, ಉತ್ತರದ ಗೋಡೆ ನೋಡಿ.”

“ಅಂಕಲ್ ಅನಬ್ಯಾಡ ಅಂತ ಎಷ್ಟ್ ಸಲ ಹೇಳಬೇಕು? ಅಣ್ಣಾ ಅನ್ನು.”

“ಅಣ್ಣನೋ ಅಂಕಲ್ಲೋ, ಮೊದಲು ನೋಡ್ರೀ! ಹಳದಿ ಹೋಗಿ ಕೆಂಪಾಗ್ತಿದೆ.”

ನೋಡಿದೆ. ವರ್ಷವಿಡೀ ಹೆಪ್ಪುಗಟ್ಟಿ ಕಲ್ಲಾಗಿರುತ್ತಿದ್ದ ನೆಲ ಈಗೀಗ ಅಲ್ಲಿಯ ಬೇಸಿಗೆಯಲ್ಲಿ ಕರಗುತ್ತದೆ. ಕರಗಿದ ಕಡೆ ಗೋಡೆ ಸಡಿಲವಾಗುತ್ತದೆ. ಸರಿಯಾಗಿ ಅದರ ಕೆಳಗೆ ಅಗೆಯುವ ಯಂತ್ರದಲ್ಲಿ ಟೋಮಸ್ ಇದ್ದ. ಅವನ ಮುಖ ನಾವು ನೋಡಿರಲಿಲ್ಲ, ದನಿ ಮಾತ್ರ ಗೊತ್ತು. ಪಾಳಿ ಶುರುವಾದಾಗ ಲೈನಿಗೆ ಬಂದು, “ಮೆಲ್ಬರ್ನ್‌ನಲ್ಲಿ ಇವತ್ತು ಸೆಕೆಯಾ? ಒಂದು ಚೀಲ ತುಂಬಿ ಕಳಿಸಿ” ಅನ್ನುತ್ತಿದ್ದ.

ಶೈಲಶ್ರೀ ಸಿಡ್ನಿಗೆ ಸ್ಪೀಕರ್ ಹಾಕಿಯೇ ಫೋನ್ ಮಾಡಿದಳು. “ಗ್ರೆಗ್, ಉತ್ತರದ ಗೋಡೆ ಕೆಂಪು. ಟೋಮಸ್ ಕೆಳಗಿದ್ದಾನೆ. ಕರೆಸಲೇ?”

“ಆ ಮೂಲೆಯ ಅದಿರು ಮುಗಿಯಲಿ,” ಅಂದ ಗ್ರೆಗ್. ಅವನೂ ಏನನ್ನೋ ಅಗಿಯುತ್ತಿದ್ದ.

ಮತ್ತೆ ಮಾಡಿದಳು. “ನೀವು ಹೊಸಬರು. ಗೋಡೆ ಅಂದಮೇಲೆ ಸ್ವಲ್ಪ ಉಸಿರಾಡುತ್ತದೆ,” ಅಂದ. ಮತ್ತೂ ಮಾಡಿದಳು. “ಕಾಯಿರಿ ಅಂದೆನಲ್ಲ!” ಎಂದು ರೇಗಿದ.

ಆಮೇಲೆ ಹುಡುಗಿ ಯಾರನ್ನೂ ಕೇಳಲಿಲ್ಲ. ನಿಯಮವನ್ನೆಲ್ಲ ಬದಿಗೊತ್ತಿ ನೇರ ಟೋಮಸ್‌ಗೇ ಲೈನ್ ಹಾಕಿ, “ಮೇಲೆ ಬಾ, ಈಗಲೇ” ಎಂದು ಕೂಗಿದಳು. “ಬಂದೆ ಬಂದೆ,” ಎಂದ ಅವನು ನಗುತ್ತ. ನಮ್ಮ ಪರದೆಯ ಆ ಮೂಲೆ ಇದ್ದಕ್ಕಿದ್ದಂತೆ ಖಾಲಿಯಾಯಿತು. ಬಣ್ಣವೇ ಇಲ್ಲ. ಗೋಡೆ ಇದ್ದರಲ್ಲವೇ ಬಣ್ಣ.

ಟೋಮಸ್‌ನನ್ನು ಹೊರತೆಗೆಯಲು ಅವರಿಗೆ ಬಹಳ ಹೊತ್ತು ಹಿಡಿಯಿತು. ಕಂಪನಿಗೆ ಕತೆ ಕಟ್ಟಲು ಅಷ್ಟು ಹೊತ್ತು ಹಿಡಿಯಲಿಲ್ಲ. ಕಾವಲಿನವಳು ಕೆಂಪನ್ನು ಗಮನಿಸಲಿಲ್ಲ, ಸಿಡ್ನಿಗೆ ಫೋನ್ ಬರಲೇ ಇಲ್ಲ, ಎಲ್ಲ ಮುಗಿಯುವ ಹೊತ್ತಿಗೆ ಗಾಬರಿಬಿದ್ದು ಗಣಿಗೆ ಫೋನ್ ಮಾಡಿದಳು ಎಂದು ಹೇಳಿಕೆ ಹೊರಬಿತ್ತು. ಫೋನಿನ ರೆಕಾರ್ಡಿಂಗ್ ಆ ಹೊತ್ತಿನದು ಮಾತ್ರ ಕೆಟ್ಟಿತ್ತಂತೆ. ಅಬ್ಬಾ ಮಷಿನ್ನೇ, ನಿನಗೂ ಸಂಬಳ ಏರಿಸಿದರೇನು? ಶೈಲಶ್ರೀಯನ್ನು ಸಸ್ಪೆಂಡ್ ಮಾಡಿದರು. ವಿಚಾರಣೆಯಲ್ಲಿ ತಪ್ಪು ಅವಳದೇ ಎಂದಾದರೆ ಕೆಲಸ ಹೋಗುತ್ತದೆ, ವೀಸಾ ಹೋಗುತ್ತದೆ. ಅದಕ್ಕಿಂತ ಹೆಚ್ಚಾಗಿ, ಒಬ್ಬ ಮನುಷ್ಯನನ್ನು ನಿದ್ದೆ ಮಾಡಿ ಕೊಂದವಳು ಎಂಬ ಹೆಸರು ಸಾಯುವವರೆಗೆ ಅವಳಿಗೆ ಅಂಟಿಕೊಳ್ಳುತ್ತದೆ. ಆ ಫೋನುಗಳನ್ನು ಕಿವಿಯಾರೆ ಕೇಳಿದವನು ಈ ಜಗತ್ತಿನಲ್ಲಿ ಒಬ್ಬನೇ ಇದ್ದ. ನಾನು.

ಅದು ಕಂಪನಿಗೂ ಗೊತ್ತಿತ್ತು. ಹಾಗಾಗಿ ಒಂದು ಶನಿವಾರ ಮೆಲ್ಬರ್ನ್ ಹೊರವಲಯದ ವೆರಿಬೀಯ ನಮ್ಮ ಮನೆಗೆ ರಾಘವ್ ಬಂದ. ಎಚ್‌ಆರ್‌ನವನು, ಬೆಂಗಳೂರಿನ ಜಯನಗರದ ಹುಡುಗ. ಮಾತಾಡಿದರೆ ಮಾತಿನ ಮೇಲೆ ನೊಣ ಕೂರಬೇಕು, ಅಷ್ಟು ಸಿಹಿ. ನನ್ನ ತಾಯಿ ಮಲ್ಲವ್ವ ಅವನಿಗೆ ಅವಲಕ್ಕಿ ಕೊಟ್ಟಳು. ತಿಂದು, ಕೈ ಒರೆಸಿಕೊಂಡು, ಜೇಬಿನಿಂದ ಒಂದು ಮಖಮಲ್ಲಿನ ಡಬ್ಬಿ ತೆಗೆದು ಮೇಜಿನ ಮೇಲಿಟ್ಟ.

“ಸರ್, ಇದು ನಿಮ್ಮ ಲಾಂಗ್ ಸರ್ವೀಸ್ ಅವಾರ್ಡ್. ನಮ್ಮ ಗಣಿಯದೇ ಕಲ್ಲು. ಆಮೇಲೆ ಸರ್, ಆ ದಿನ ನೀವು ಲಂಚ್‌ಗೆ ಹೊರಗೆ ಹೋಗಿದ್ರಿ ಅಲ್ವಾ?”

“ಒಳಗೇ ಇದ್ದೆ.”

“ಒಳಗೆ ತಿನ್ನೋದು ಸೇಫ್ಟಿ ಬ್ರೀಚ್ ಸರ್. ನಿಮ್ಮಂಥ ಸೀನಿಯರ್ ಹಾಗೆ ಮಾಡ್ತಾರಾ? ಹೊರಗೆ ಹೋಗಿದ್ರಿ. ಸಿಡ್ನಿಯ ವಿಚಾರಣೇಲಿ ಅಷ್ಟು ಹೇಳಿದ್ರೆ ಸಾಕು. ನಿಮಗೆ ಮಾರ್ಟ್‌ಗೇಜ್ ಇದೆ, ಮಗಳು ಯೂನಿವರ್ಸಿಟಿಯಲ್ಲಿದಾಳೆ, ಯಾಕೆ ಸುಮ್ನೆ?”

ಆ ಹೊತ್ತಿಗೆ ಅವನನ್ನು ಕಿಟಕಿಯಿಂದ ಎತ್ತಿ ಎಸೆದಿದ್ದರೆ ಟಾಸ್ಮೇನಿಯಾದಲ್ಲಿ ಹೋಗಿ ಬೀಳುತ್ತಿದ್ದ. ಅಷ್ಟು ಬಲ ನನ್ನ ತೋಳಿನಲ್ಲಿ ಬಂದಿತ್ತು. ಆದರೆ ನಾನು ಬಾಯಿ ತೆಗೆಯುವ ಮೊದಲೇ ನನ್ನ ತಾಯಿ ಡಬ್ಬಿ ಎತ್ತಿಕೊಂಡಿದ್ದಳು. ಅವಳಿಗೆ ಕೇಳಿಸಿದ್ದು ಅವಾರ್ಡ್ ಎಂಬ ಒಂದೇ ಮಾತು.

“ತಮ್ಮಾ, ವಜ್ರ ಅಂದ್ರ ಹಂಗ ಒಮ್ಮಿಗೇ ಇಟಗೊಳ್ಳೂದಲ್ಲ,” ಎಂದಳು ರಾಘವ್‌ಗೆ. “ದೇವರ ಜಗಲಿ ಮ್ಯಾಲ ಇಟ್ಟು ನೋಡತೀನಿ. ಮನಿಗಿ ಆಗಿಬಂದ್ರ ಇಟಗೋತೀವಿ. ಇಲ್ಲಂದ್ರ ತಿರುಗಿ ಒಯ್ಯಿ.”

ಇದು ನಮ್ಮ ಕಡೆಯ ರೂಢಿ. ಬಂಗಾರ ಯಾರಿಗಾದರೂ ಸೈ. ವಜ್ರ ಹಾಗಲ್ಲ, ಕೆಲವರಿಗೆ ಆಗಿಬರುತ್ತದೆ, ಕೆಲವರ ಮನೆ ತೊಳೆದುಬಿಡುತ್ತದೆ. ಅದಕ್ಕೇ ಊರಿನ ಪತ್ತಾರನ ಅಂಗಡಿಯಿಂದ ಮೂಗುಬೊಟ್ಟಿನ ಕಲ್ಲು ತಂದರೆ ಮೊದಲು ದೇವರ ಮುಂದೆ ಕೆಲವು ದಿನ ಇಟ್ಟು ನೋಡುತ್ತಾರೆ. ಕೆಟ್ಟ ಕನಸು ಬಿದ್ದರೆ, ಹಾಲು ಒಡೆದರೆ, ಕಲ್ಲು ಅಂಗಡಿಗೆ ವಾಪಸು. ಪತ್ತಾರನೂ ಎದುರು ಮಾತಾಡದೆ ತಗೊಳ್ಳುತ್ತಾನೆ. ರಾಘವ್ ತಲೆಯಾಡಿಸಿ ಎದ್ದ. ಇದನ್ನೆಲ್ಲ ತಿಳಿದವನಂತೆ ನಟಿಸಿದ. ಏನೂ ತಿಳಿದಿರಲಿಲ್ಲ ಎಂಬುದು ಆಮೇಲೆ ಗೊತ್ತಾಯಿತು.

ಕಲ್ಲು ಅರಿಶಿನ ಬಟ್ಟೆಯಲ್ಲಿ ಜಗಲಿ ಏರಿತು. ಆ ರಾತ್ರಿ ಅವ್ವನ ಕನಸಿನಲ್ಲಿ ಒಬ್ಬ ಅಪರಿಚಿತ ಗಂಡಸು ನಮ್ಮ ಹಿತ್ತಲಿನಲ್ಲಿ ನಿಂತು ಸೆಕೆ ಕೇಳಿದನಂತೆ. ಟೋಮಸ್‌ನ ಮಾತು ನಾನು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಮರುದಿನ ಹೀಟರ್ ಕೆಟ್ಟಿತು, ಶೀತಲ ಡ್ರೈವ್‌ವೇಯಲ್ಲಿ ಕಾರು ತಂದು ನಮ್ಮದೇ ಗೇಟಿಗೆ ಗುದ್ದಿದಳು, ಕೊನೆಗೆ ಹಾಲೂ ಒಡೆಯಿತು.

“ಆಗಿಬರಲಿಲ್ಲ. ಒಯ್ಯಂತ ಹೇಳು ಅವನಿಗೆ,” ಎಂದಳು ಅವ್ವ.

ನಾನು ರಾಘವ್‌ಗೆ ಫೋನ್ ಮಾಡಿ, “ಕಲ್ಲು ನಮಗ ಆಗಿಬರಲಿಲ್ಲ, ವಾಪಸ್ ಒಯ್ಯಿರಿ” ಎಂದೆ. “ಅರ್ಥ ಆಯ್ತು ಸರ್, ಸಿಡ್ನಿಯಲ್ಲಿ ಮಾತಾಡಿ ಹೇಳ್ತೀನಿ,” ಎಂದ. ನಾನು ಚೌಕಾಶಿ ಮಾಡುತ್ತಿದ್ದೇನೆ ಎಂದು ಅರ್ಥ ಮಾಡಿಕೊಂಡಿದ್ದ ಪುಣ್ಯಾತ್ಮ! ಮುಂದಿನ ವಾರ ಬಂದವನು ಮೊದಲನೆಯ ಡಬ್ಬಿಯನ್ನು ಮುಟ್ಟಲೂ ಇಲ್ಲ. ಅದರ ಪಕ್ಕದಲ್ಲಿ ಇನ್ನೊಂದನ್ನಿಟ್ಟ. ಅದರೊಳಗಿನ ಕಲ್ಲು ನಮ್ಮ ಹಾಲ್‌ನಲ್ಲಿ ಎಷ್ಟು ಹೊಳೆಯಿತೆಂದರೆ ಪಕ್ಕದ ಮನೆಯವರು ಕರ್ಟನ್ ಎಳೆದರು.

“ಇದು ಆಗಿಬರುತ್ತೆ ಸರ್. ಗ್ರೆಗ್ ಅವರೇ ಸೆಲೆಕ್ಟ್ ಮಾಡಿದ್ದು. ಎರಡೂ ಇಟ್ಕೊಳ್ಳಿ ಅಂದ್ರು.”

ಅವ್ವ ಅವನ ಮುಖವನ್ನೇ ನೋಡಿದಳು. “ಅಲ್ಲೋ ತಮ್ಮಾ, ಸಣ್ಣದು ಆಗಿಬರಲಿಲ್ಲ ಅಂದ್ರ ದೊಡ್ಡದು ಕೊಡೂ ಅಂಗಡಿ ಯಾವ ಊರಾಗ ಐತಿ? ನೀ ಏನ್ ಕೊಳ್ಳಾಕ ಬಂದೀಯೋ ಇಲ್ಲಿ?”

ರಾಘವ್ ಎದ್ದು ಶೂ ಹುಡುಕಿದ. ಅವನು ಹೋದ ಮೇಲೆ ಅವ್ವ ನನ್ನ ಕಡೆ ತಿರುಗಿದಳು, ನಾನು ಎಲ್ಲ ಹೇಳಬೇಕಾಯಿತು. ಕೇಳಿ ಮುಗಿಸಿದವಳು ಒಂದೇ ಮಾತು ಕೇಳಿದಳು. “ಸತ್ತವನ ಮ್ಯಾಲಿನ ಕಲ್ಲು ತಂದು ನನ್ನ ಬಸವಣ್ಣನ ಮುಂದ ಇಟ್ಟಿಯೇನೋ, ಭಾಡ್ಯಾ?” ಆಮೇಲೆ ಜಗಲಿಯನ್ನು ಪೂರ್ತಿ ತೊಳೆದಳು. ನನಗೆ ಆ ದಿನ ಊಟ ಹಾಕಲಿಲ್ಲ. ಶೀತಲಳೂ ಹಾಕಲಿಲ್ಲ.

ವಿಚಾರಣೆ ಸಿಡ್ನಿಯಲ್ಲಿ. ನಾನು ಎರಡೂ ಡಬ್ಬಿಗಳನ್ನು ಅವ್ವನ ಎಲೆಅಡಿಕೆ ಸಂಚಿಯಲ್ಲಿ ಹಾಕಿಕೊಂಡು ವಿಮಾನ ಹತ್ತಿದೆ. ಸೆಕ್ಯುರಿಟಿಯವರು ಅಡಿಕೆಯನ್ನು ಮೂಸಿ ನೋಡಿದರು, ವಜ್ರವನ್ನು ಬಿಟ್ಟರು. ಕಂಪನಿಯ ಕಟ್ಟಡ ಎಷ್ಟು ಎತ್ತರವೆಂದರೆ ಲಿಫ್ಟಿನಲ್ಲಿ ಅರ್ಧಕ್ಕೆ ಹೋಗುವಾಗಲೇ ಕಿವಿ ಮುಚ್ಚಿ, ಹಸಿವಾಗಿ, ಒಂದು ಹಳೆಯ ಜಗಳ ನೆನಪಾಗಿ ಮರೆತೂ ಹೋಗಿತ್ತು. ಭೂಮಿಯನ್ನು ಅಷ್ಟು ಆಳ ತೋಡಿದವರು ಮಣ್ಣನ್ನೆಲ್ಲ ಇಲ್ಲಿ ತಂದು ನಿಲ್ಲಿಸಿದ್ದಾರೆ ಅನ್ನಿಸಿತು.

ವಿಚಾರಣೆ ನಡೆಸುವವಳು ಮಿಸೆಸ್ ಕಾರ್ವರ್, ಹೊರಗಿನಿಂದ ಕರೆಸಿದ ಗಣಿ ಸುರಕ್ಷತಾ ಅಧಿಕಾರಿ, ನಗುವಿನ ಗೆರೆಯೇ ಇಲ್ಲದ ಮುಖ. ಒಂದು ಕಡೆ ಗ್ರೆಗ್, ಅವನ ಪಕ್ಕ ಕಂಪನಿಯ ವಕೀಲ, ಹಿಂದೆ ರಾಘವ್. ಇನ್ನೊಂದು ಕಡೆ ಶೈಲಶ್ರೀ ಒಬ್ಬಳೇ. ಗೋಡೆಯ ದೊಡ್ಡ ಪರದೆಯಲ್ಲಿ ಗಣಿಯ ಊರಿನಿಂದ ಟೋಮಸ್‌ನ ಹೆಂಡತಿ ಕೂತಿದ್ದಳು, ದಪ್ಪ ಸ್ವೆಟರ್ ಹಾಕಿಕೊಂಡು, ಕೈಕಟ್ಟಿಕೊಂಡು. ಇಲ್ಲಿಂದ ಮುಂದೆ ಎಲ್ಲರೂ ಇಂಗ್ಲಿಷಿನಲ್ಲೇ ಮಾತಾಡಿದ್ದು; ನನ್ನ ಇಂಗ್ಲಿಷ್ ಕೇಳಿ ಹಾರ್ಬರ್ ಬ್ರಿಜ್ ಕೂಡ ಸ್ವಲ್ಪ ಬಾಗಿತು.

ನಾನು ಕೇಳಿದ್ದನ್ನು ಹೇಳಿದೆ. ಫೋನ್, ಮತ್ತೆ ಫೋನ್, ಮತ್ತೂ ಫೋನ್, ಗ್ರೆಗ್ ಅಂದ ಮಾತುಗಳು. ಮುಗಿಸಿದೆ.

ವಕೀಲ ಎದ್ದ. “ಮಿಸ್ಟರ್ ಶಿವಬಸಪ್ಪ, ನೀವು ಆಫೀಸಿನಲ್ಲಿ ಹಿಮಕರಡಿಯ ಜತೆ ಕುಸ್ತಿ ಹಿಡಿದೆ ಎಂದು ಹೇಳಿದ್ದು ಹೌದೇ?”

“ಹೌದು.”

“ಗೆದ್ದಿರಾ?”

“ಅಂಕಗಳ ಲೆಕ್ಕದಲ್ಲಿ.”

ಎಲ್ಲರೂ ನಕ್ಕರು. ಅವನು ಮುಂದುವರಿದ. ದೀಪಾವಳಿ ಕಾರ್ಯಕ್ರಮದಲ್ಲಿ, ಟಾರ್ನ್‌ವಿಕ್‌ನ ಅತಿ ದೊಡ್ಡ ವಜ್ರ ಸಿಕ್ಕಿದ್ದು ನನ್ನ ಬೂಟು ಅದಕ್ಕೆ ಎಡವಿದ್ದರಿಂದ ಎಂದಿದ್ದೆನಂತೆ. ಹೆಪ್ಪುಗಟ್ಟಿದ ನೆಲ ಒಡೆಯುವ ಸದ್ದು ನನಗೆ ಮೆಲ್ಬರ್ನ್‌ವರೆಗೂ ಕೇಳುತ್ತದೆ ಎಂದಿದ್ದೆನಂತೆ. ಮಂತ್ರಿಯೊಬ್ಬರು ನನ್ನನ್ನು ಕೇಳದೆ ಮಳೆಗಾಲ ಶುರು ಮಾಡುವುದಿಲ್ಲ ಎಂದಿದ್ದೆನಂತೆ. ಎಲ್ಲವೂ ನಾನೇ ಹೇಳಿದ್ದು. ನನ್ನ ಸರಕನ್ನು ನನ್ನ ಮುಂದೆಯೇ ಸಂತೆಯಲ್ಲಿ ಹರವಿ ಮಾರುತ್ತಿದ್ದ. ಶೈಲಶ್ರೀ ತಲೆ ತಗ್ಗಿಸಿಕೊಂಡಿದ್ದಳು. ಪರದೆಯ ಮೇಲಿನ ಹೆಂಗಸು ಮಾತ್ರ ನಗಲಿಲ್ಲ. ನನ್ನತ್ತ ನೋಡುತ್ತಿದ್ದ ಅವಳ ನೋಟದಲ್ಲಿ, ಇವನೂ ಒಬ್ಬ ವಿದೂಷಕ ಎಂಬ ಬೇಸರವಿತ್ತು.

“ಹಾಗಾದರೆ ಈ ಫೋನುಗಳ ಕತೆಯನ್ನು ನಾವು ಯಾಕೆ ನಂಬಬೇಕು?” ಎಂದ ವಕೀಲ.

ಸಿಟ್ಟು ನನ್ನ ಅಂಗಾಲಿನಿಂದ ಹೊರಟಿತು. ಮೊಣಕಾಲು ದಾಟಿ, ಹೊಟ್ಟೆ ದಾಟಿ, ಬಾಯಿಗೆ ಬರುವ ಹೊತ್ತಿಗೆ ಅದು ಒಂದು ರೈಲಿನಷ್ಟು ಉದ್ದವಾಗಿತ್ತು.

“ಸ್ವಾಮಿ,” ಎಂದೆ, “ನನ್ನ ಕತೆಗಳನ್ನು ಇಷ್ಟು ಶ್ರದ್ಧೆಯಿಂದ ಕೂಡಿಹಾಕಿದ್ದೀರಿ. ಒಂದರಲ್ಲಾದರೂ ನಾನು ಸುಮ್ಮನೆ ಕೂತಿದ್ದೇನೆಯೇ? ಕರಡಿ ಬಂದರೆ ನಾನು ಗೆಲ್ಲುತ್ತೇನೆ. ವಜ್ರ ಸಿಕ್ಕರೆ ನನ್ನ ಕಾಲಿಗೇ. ಟೋಮಸ್‌ನ ಸಾವನ್ನು ನಾನು ಕಟ್ಟಿ ಹೇಳುವುದಾಗಿದ್ದರೆ, ಆ ಫೋನನ್ನು ನಾನೇ ಮಾಡಿರುತ್ತಿದ್ದೆ. ಗ್ರೆಗ್‌ನನ್ನು ಬೈದಿರುತ್ತಿದ್ದೆ. ಗುಂಡಿಗೆ ಹಾರಿ ಟೋಮಸ್‌ನನ್ನು ಹೆಗಲ ಮೇಲೆ ಹೊತ್ತು ತಂದಿರುತ್ತಿದ್ದೆ! ಇವತ್ತು ಹೇಳಿದ್ದರಲ್ಲಿ ನಾನು ಏನು ಮಾಡುತ್ತಿದ್ದೇನೆ? ಬದನೆಕಾಯಿ ತಿನ್ನುತ್ತಿದ್ದೇನೆ. ಅಷ್ಟೇ. ಎಲ್ಲವನ್ನೂ ಮಾಡಿದವಳು ಅವಳು. ನನ್ನ ಬಾಯಿಂದ ಬೇರೆಯವರ ಹೊಗಳಿಕೆ ಇದಕ್ಕೆ ಮುಂಚೆ ಯಾರಾದರೂ ಕೇಳಿದ್ದೀರಾ? ರಾಘವ್, ನೀನು ಕೇಳಿದ್ದೀಯಾ?”

ರಾಘವ್ ತನಗೇ ತಿಳಿಯದಂತೆ ಇಲ್ಲ ಎಂದು ತಲೆಯಾಡಿಸಿಬಿಟ್ಟ.

ವಕೀಲ ಚುರುಕಿನವನು. “ಅಲ್ಲಿ ಕೂತು ತಿನ್ನುವುದು ನಿಷೇಧ. ನೀವು ಹೊರಗೆ ಊಟಕ್ಕೆ ಹೋಗಿದ್ದಿರಿ,” ಎಂದ.

ನಾನು ಸಂಚಿ ಬಿಚ್ಚಿದೆ. ಎರಡು ಡಬ್ಬಿಗಳನ್ನೂ ತೆರೆದು ಮಿಸೆಸ್ ಕಾರ್ವರ್ ಮುಂದಿಟ್ಟೆ. ಒಂದೆರಡು ಅಡಿಕೆ ಹೋಳೂ ಉರುಳಿದವು. “ಹೊರಗೆ ಹೋಗಿದ್ದವನಿಗೆ ಇವನ್ನು ಯಾಕೆ ಕೊಟ್ಟರು ಕೇಳಿ. ಮೊದಲು ಇದು. ದೇವರ ಮುಂದಿಟ್ಟು ನೋಡಿ, ಹಾಲು ಒಡೆಯಿತೆಂದು ನಮ್ಮವ್ವ ಬೇಡವೆಂದಳು. ಬೇಡ ಅಂದದ್ದಕ್ಕೆ ಇದು.”

“ಸೇವಾ ಪ್ರಶಸ್ತಿ,” ಎಂದ ಗ್ರೆಗ್. ಅವತ್ತು ಅವನು ಬಾಯಿ ತೆರೆದದ್ದು ಅದೇ ಮೊದಲು.

“ಪ್ರಶಸ್ತಿಯನ್ನು ಬೇಡ ಎಂದವರಿಗೆ ಇನ್ನೂ ದೊಡ್ಡ ಪ್ರಶಸ್ತಿ ಕೊಡುವ ಪದ್ಧತಿ ಇದೆಯೇ?” ಎಂದಳು ಕಾರ್ವರ್. ನೋಟ ರಾಘವ್ ಕಡೆ ಹೊರಳಿತು. “ತೆಗೆದುಕೊಂಡು ಹೋದವರು ನೀವಲ್ಲವೇ? ಎರಡನೆಯದನ್ನು ಕೊಡಲು ಯಾರು ಹೇಳಿದರು?”

ರಾಘವ್ ಗ್ರೆಗ್‌ನನ್ನು ನೋಡಿದ. ಗ್ರೆಗ್ ಕಿಟಕಿಯಾಚೆ ಹಡಗು ನೋಡಿದ. ಆ ನೋಟವನ್ನು ತಪ್ಪಿಸಿದ್ದೇ ರಾಘವ್‌ಗೆ ಸಾಕಾಯಿತು ಅಂತ ಕಾಣುತ್ತದೆ; ಮುಂದಿನ ಸಲ ಹೊರೆ ಯಾರ ತಲೆಯ ಮೇಲೆ ಬೀಳುತ್ತದೆಂದು ಅವನಿಗೆ ಹೊಳೆದಿರಬೇಕು. “ಗ್ರೆಗ್ ಹೇಳಿದರು,” ಎಂದ. “ಇವರು ಊಟಕ್ಕೆ ಹೊರಗಿದ್ದರು ಎಂದು ಹೇಳಿಸಬೇಕು ಅಂದಿದ್ದರು. ಮೊದಲನೆಯ ಕಲ್ಲು ಸಾಲಲಿಲ್ಲ ಅಂದುಕೊಂಡೆವು.”

ಪರದೆಯ ಮೇಲಿನ ಹೆಂಗಸು ಆಗ ಮುಂದಕ್ಕೆ ಬಾಗಿದಳು. “ಬದನೆಕಾಯಿ ಮನುಷ್ಯಾ,” ಎಂದಳು ನನಗೆ. “ಆ ಹುಡುಗಿ ನಿದ್ದೆ ಮಾಡುತ್ತಿದ್ದಳೇ?”

“ಇಲ್ಲ.”

“ಅವನನ್ನು ಕರೆದಳೇ?”

“ಕರೆದಳು.”

“ಅವನಿಗೆ ಕೇಳಿಸಿತೇ?”

“ಕೇಳಿಸಿತು. ಬಂದೆ ಅಂದ.”

ಅದಕ್ಕೆ ಸೇರಿಸಲು ನನ್ನ ಬಳಿ ಏನೂ ಇರಲಿಲ್ಲ. ಆಕೆ ಕುರ್ಚಿಯನ್ನು ಪಕ್ಕಕ್ಕೆ ತಿರುಗಿಸಿಕೊಂಡಳು. ಮಿಸೆಸ್ ಕಾರ್ವರ್ ವಿರಾಮ ಎಂದಳು.

ಹೊರಗೆ ಕಾರಿಡಾರಿನಲ್ಲಿ ನಾನು ಗೆದ್ದ ಪೈಲವಾನನ ಹಾಗೆ ಎದೆ ಉಬ್ಬಿಸಿ ನಿಂತಿದ್ದೆ. ಶೈಲಶ್ರೀ ಬಂದಳು. ಕಾಲಿಗೆ ಬೀಳಬಹುದು, ಬೇಡ ಬೇಡ ಅನ್ನಬೇಕು ಎಂದು ಕೈ ಸಿದ್ಧ ಮಾಡಿಕೊಂಡಿದ್ದೆ.

“ಎಷ್ಟು ದಿನದಿಂದ ಆ ಕಲ್ಲು ನಿಮ್ಮ ಮನೇಲಿತ್ತು?” ಎಂದಳು.

“ಅದು ನನ್ನ ಪ್ಲಾನ್ ಇತ್ತು. ಅವರನ್ನ ಪೂರ್ತಿ ಸಿಗಿಸಾಕ...”

“ಸುಮ್ನಿರ್ರೀ!” ಅವಳ ದನಿಗೆ ರಿಸೆಪ್ಷನ್ನಿನವರು ಎದ್ದು ನಿಂತರು. “ಮೊದಲ ದಿನಾನೇ ನನಗೊಂದು ಫೋನ್ ಮಾಡೋಕೆ ಆಗ್ಲಿಲ್ವಾ? ಅಂಕಲ್ ಕೇಳಿದಾರೆ, ಅಂಕಲ್ ಹೇಳ್ತಾರೆ ಅಂತ ನಾನು ಬಾಗಿಲು ಹಾಕ್ಕೊಂಡು ಕಾಯ್ತಾ ಇದ್ದೆ. ನಮ್ಮಮ್ಮ ದಿನಾ ಫೋನಲ್ಲಿ, ನಿಜ ಹೇಳು, ಮಲಗಿಬಿಟ್ಟಿದ್ಯೇನೇ ಅಂತ ಕೇಳ್ತಿದ್ರು. ನಮ್ಮಮ್ಮ! ನೀವು ಅಲ್ಲಿ ಹಾಲು ಒಡೆಯುತ್ತೋ ಇಲ್ವೋ ಅಂತ ನೋಡ್ತಾ ಕೂತಿದ್ರಾ?”

ನಾನೂ ರೇಗಿದೆ. “ನಾ ಬರಲಿಲ್ಲೇನು? ಹೇಳಲಿಲ್ಲೇನು? ನೌಕರಿ ಪಣಕ್ಕಿಟ್ಟು ಬಂದೀನಿ!”

“ಬಂದ್ರಿ. ಸಿಂಹಾಸನ ಹಾಕಿಸ್ಲಾ?” ಎಂದು ಕುಡಿಯುವ ನೀರಿನ ಮಷಿನ್ ಕಡೆ ಹೋದಳು. ಆ ಮಾತಿಗೆ ತಕ್ಕ ಉತ್ತರ ನನ್ನ ಹತ್ತಿರ ಒಂದು ಸಾವಿರ ಇದ್ದವು. ಹೇಳಲು ಅವಳು ನಿಲ್ಲಲಿಲ್ಲ, ಅಷ್ಟೇ.

ತೀರ್ಪು ಬಂತು. ಶೈಲಶ್ರೀ ಕರೆ ಮಾಡಿದ್ದು ನಿಜ, ಸಿಡ್ನಿ ತಡೆದದ್ದು ನಿಜ, ಅವಳದೇನೂ ತಪ್ಪಿಲ್ಲ. ಅವಳ ಕೆಲಸ ಅವಳಿಗೆ. ಮುಂದೆ ಗುಂಡಿಯನ್ನು ಖಾಲಿ ಮಾಡಿಸುವ ಅಧಿಕಾರ ಕಾವಲಿನ ಕುರ್ಚಿಯಲ್ಲಿ ಕೂತವರದೇ, ಸಿಡ್ನಿಯನ್ನು ಕೇಳಬೇಕಿಲ್ಲ. ಗ್ರೆಗ್‌ಗೆ ಏನಾಯಿತು? ಜೈಲು ಅಂದುಕೊಂಡಿರಾ? ಅವನು ‘ವೈಯಕ್ತಿಕ ಕಾರಣಗಳಿಂದ’ ಕೆಳಗಿಳಿದ. ಹತ್ತಿ ಗಾದಿಯ ಮೇಲೆ ಇಳಿದ, ಕೈಯಲ್ಲಿ ಚೆಕ್ಕು ಹಿಡಿದು ಇಳಿದ. ಈಗ ಬೇರೆ ಕಂಪನಿಗಳಿಗೆ ಸುರಕ್ಷತೆಯ ಬಗ್ಗೆ ಸಲಹೆ ಕೊಡುತ್ತಾನಂತೆ. ಇದನ್ನು ಕೇಳಿದ ದಿನ ನಾನು ವೆರಿಬೀಯಿಂದ ಡಾಕ್‌ಲ್ಯಾಂಡ್ಸ್‌ವರೆಗೆ ಬೈದುಕೊಳ್ಳುತ್ತಲೇ ಹೋದೆ. ರೈಲಿನ ಡಬ್ಬಿಯಲ್ಲಿ ನನ್ನ ಸುತ್ತ ಯಾರೂ ಕೂರಲಿಲ್ಲ.

ಶೈಲಶ್ರೀ ವಾಪಸು ಬಂದು ಅದೇ ಕುರ್ಚಿಯಲ್ಲಿ ಕೂತಳು. ನನ್ನೊಂದಿಗೆ ಕೆಲಸದ ಮಾತಷ್ಟೇ. ಅಂಕಲ್ ಅನ್ನುವುದನ್ನೂ ಬಿಟ್ಟಿದ್ದಳು, ಸರ್ ಅನ್ನುತ್ತಿದ್ದಳು. ಅಂಕಲ್ಲೇ ವಾಸಿ ಇತ್ತು. ಆ ವಾರವೇ, ಮಧ್ಯಾಹ್ನದ ಹೊತ್ತು, ದಕ್ಷಿಣದ ಗೋಡೆಯ ಮೇಲೆ ಹಳದಿ ಕಾಣಿಸಿತು. ಕೆಂಪಲ್ಲ, ಬರೀ ಹಳದಿ. ಅವಳು ಒಂದು ಕ್ಷಣ ನೋಡಿದಳು. ಮೈಕ್ ಹಿಡಿದಳು.

“ಎಲ್ಲರೂ ಮೇಲೆ ಬನ್ನಿ. ಪೂರ್ತಿ ಗುಂಡಿ. ಎಲ್ಲ ಬಿಟ್ಟು ಬನ್ನಿ.”

ಪರದೆಯ ಮೇಲೆ ಲಾರಿಗಳ ದೀಪಗಳು ಒಂದೊಂದಾಗಿ ಸುತ್ತುದಾರಿ ಹತ್ತತೊಡಗಿದವು. ಫೋನ್ ಹೊಡೆದುಕೊಂಡಿತು. ಸಿಡ್ನಿ, ಗ್ರೆಗ್‌ನ ಜಾಗಕ್ಕೆ ಬಂದ ಹೊಸಬ.

“ಗೋಡೆ ಬಿತ್ತೇ?”

“ಇಲ್ಲ,” ಎಂದಳು.

“ಕೆಂಪಾಗಿದೆಯೇ?”

“ಇಲ್ಲ.”

“ಮತ್ತೆ ಇಡೀ ಗಣಿಯನ್ನು ಯಾಕೆ ನಿಲ್ಲಿಸಿದಿರಿ? ಇದರ ನಷ್ಟ ಎಷ್ಟೆಂದು ಗೊತ್ತೇ ನಿಮಗೆ?”

ನಾನು ಫೋನ್ ಕಿತ್ತುಕೊಳ್ಳಲು ಹೋದೆ. ನನ್ನ ಬಾಯಲ್ಲಿ ಬಂದಿದ್ದ ಬೈಗುಳ ತಂತಿಯಲ್ಲಿ ಹೋಗಿದ್ದರೆ ಸಿಡ್ನಿಯ ಆ ಕಟ್ಟಡ ನೆಲಸಮವಾಗುತ್ತಿತ್ತು. ಶೈಲಶ್ರೀ ನನ್ನ ಕೈ ತಳ್ಳಿ, ಶಾಂತವಾಗಿ ಹೇಳಿದಳು: “ನನಗೆ ಗೊತ್ತಿಲ್ಲ. ಗೊತ್ತು ಮಾಡಿಕೊಳ್ಳುವುದೂ ಇಲ್ಲ.” ಫೋನ್ ಇಟ್ಟಳು. ಅದು ಮತ್ತೆ ಹೊಡೆದುಕೊಂಡಿತು. ಅವಳು ಅದರ ತಂತಿಯನ್ನೇ ಕಿತ್ತು ಮೇಜಿನ ಮೇಲೆ ಎಸೆದಳು.

“ಒಂದು ಲಾರಿ ಇನ್ನೂ ಕೆಳಗಿದೆ,” ಎಂದಳು.

ಇತ್ತು. ತಳದ ಮೂಲೆಯಲ್ಲಿ ಒಂಟಿ ದೀಪ, ಅಲ್ಲಾಡುತ್ತಿಲ್ಲ. ಅವಳು ಮೈಕಿನಲ್ಲಿ ಕರೆದಳು. ಉತ್ತರವಿಲ್ಲ. ಮತ್ತೆ ಕರೆದಳು. ನಾನು ಎದ್ದು ಅವಳ ಪಕ್ಕ ನಿಂತೆ. ಮೈಕ್ ನನಗೆ ಯಾಕೆ ಬೇಕು? ಅರ್ಧ ಭೂಮಿಯ ಆಚೆಗೆ, ಆ ಹೆಪ್ಪುಗಟ್ಟಿದ ಗುಂಡಿಯ ತಳಕ್ಕೆ, ಹೊಟ್ಟೆಯಲ್ಲಿದ್ದ ಸಿಟ್ಟನ್ನೆಲ್ಲ ಸೇರಿಸಿ ಕೂಗಿದೆ:

“ಏ ಬಾರೋ ಮಗನ! ಅಲ್ಲೇನ್ ನಿಂತೀ? ಲಗೂನ ಬಾ ಮ್ಯಾಲೆ!”

ಪಕ್ಕದ ಬ್ಯಾಂಕಿನ ಕಟ್ಟಡದಲ್ಲಿ ಜನ ಕಿಟಕಿಗೆ ಬಂದರು. ಅವನಿಗೂ ಕೇಳಿಸಿಯೇ ಇರಬೇಕು. ದೀಪ ಒಮ್ಮೆ ಅಲುಗಿತು. ಆಮೇಲೆ ನಿಧಾನವಾಗಿ ತಿರುಗಿ, ಮೊದಲ ಸುತ್ತು ಹತ್ತತೊಡಗಿತು. ಅದು ಕೊನೆಯ ಸುತ್ತು ಮುಟ್ಟುವವರೆಗೆ ನಾವಿಬ್ಬರೂ ಕೂರಲಿಲ್ಲ.